ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕೇಳುಗರೆ, ನಮಸ್ಕಾರ.

ಚಿಕ್ಕಂದಿನಲ್ಲಿ ಬೀದಿಯಲ್ಲಿ ಆಡುವಾಗ ಯಾರದೋ ಪುಟ್ಟ ತಮ್ಮನೋ ತಂಗಿಯೋ ಅಳುತ್ತ ಹಿಂದೆ ಬಂದರೆ ಅದನ್ನೂ ಸೇರಿಸಿಕೊಳ್ಳುತ್ತಿದ್ದೆವು. ಅದೂ ಎಲ್ಲರ ಹಾಗೆ ಓಡುತ್ತಿತ್ತು, ಬೀಳುತ್ತಿತ್ತು, ಮಂಡಿ ತರಚಿಕೊಳ್ಳುತ್ತಿತ್ತು. ಆದರೆ ಔಟಾದರೆ ಔಟಲ್ಲ, ಮುಟ್ಟಿದರೆ ಮುಟ್ಟಿದಂತಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಮಗುವಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ದೊಡ್ಡವರಿಗೆ ಗೊತ್ತಾಗುತ್ತದೆ. ತರಚಿದ ಮಂಡಿ ಮಾತ್ರ ಇಬ್ಬರಿಗೂ ಒಂದೇ.

ಇವತ್ತು ಹೇಳಹೊರಟಿರುವುದು ದೂರದ ಜನರ ಸಂಗತಿ. ಅಮೆರಿಕದಲ್ಲಿ ಲ್ಯಾಟಿನೊ ಎಂದು ಕರೆಸಿಕೊಳ್ಳುವ ಜನ ಇದ್ದಾರೆ. ಮೆಕ್ಸಿಕೊ, ಮಧ್ಯ ಅಮೆರಿಕ, ಕ್ಯೂಬಾ, ಪೋರ್ಟೊ ರಿಕೊ ಇಂಥ ಕಡೆಗಳಲ್ಲಿ ಬೇರಿರುವವರು, ಸ್ಪ್ಯಾನಿಷ್ ಮನೆಮಾತಿನವರು, ಇಲ್ಲವೇ ಆ ಮಾತನ್ನು ಅಜ್ಜಿಯ ಬಾಯಲ್ಲಿ ಮಾತ್ರ ಕೇಳಿದವರು. ಸುಮಾರು 6.5 ಕೋಟಿ. ಹತ್ತಿರ ಹತ್ತಿರ ನಮ್ಮ ಕರ್ನಾಟಕದಷ್ಟೇ ಜನ ಅನ್ನಿ. ಬಿಸಿಯೇರುತ್ತಿರುವ ಭೂಮಿ ಇವರ ಬದುಕಿಗೆ ಏನು ಮಾಡುತ್ತಿದೆ, ಅದರ ನಡುವೆ ಇವರಲ್ಲಿ ಕೆಲವರು ಏನು ಮಾಡಿಕೊಂಡರು ಎಂಬುದು ಇವತ್ತಿನ ಮಾತು. ಎಲ್ಲವನ್ನೂ ಹೇಳಲು ಹೋದರೆ ಯಾವುದನ್ನೂ ಹೇಳಿದಂತಾಗುವುದಿಲ್ಲ. ಆದ್ದರಿಂದ ಎರಡು ಊರು ಆರಿಸಿಕೊಂಡಿದ್ದೇನೆ. ಒಂದು ನದಿ ದಡದ್ದು, ಇನ್ನೊಂದು ಬೆಟ್ಟದ್ದು.

ಮೊದಲು ಕ್ಯಾಲಿಫೋರ್ನಿಯಾ. ಅಲ್ಲಿನ ದ್ರಾಕ್ಷಿ, ಸ್ಟ್ರಾಬೆರಿ, ಟೊಮೆಟೊ, ಬಾದಾಮಿ ಎಲ್ಲದರ ಹಿಂದೆ ಬಹುಪಾಲು ಲ್ಯಾಟಿನೊ ಕೂಲಿಕಾರರ ಕೈಗಳಿವೆ. ಬೇಸಿಗೆಯಲ್ಲಿ ಅಲ್ಲಿಯ ನಡುಬಯಲಿನಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಅಂಥ ದಿನಗಳು ಹೆಚ್ಚಾಗುತ್ತಿರುವುದು, ರಾತ್ರಿಯೂ ತಂಪಾಗದಿರುವುದು ಹೊಸದು. ಎಷ್ಟೋ ಬೆಳೆಗಳಲ್ಲಿ ಕೂಲಿ ಸಿಗುವುದು ಗಂಟೆಗಲ್ಲ, ತುಂಬಿದ ಪೆಟ್ಟಿಗೆಗೆ. ನೀರು ಕುಡಿಯಲು ಹೊಲದಂಚಿಗೆ ನಡೆದುಹೋಗಿ ಬಂದರೆ ಅರ್ಧ ಪೆಟ್ಟಿಗೆ ಹೋಯಿತು. ಹಾಗಾಗಿ ಬಾಯಾರಿಕೆಯನ್ನು ನುಂಗಿಕೊಂಡೇ ಕೊಯ್ಯುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2008ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. 1992ರಿಂದ 2006ರವರೆಗೆ ಬೆಳೆ ಕೆಲಸದಲ್ಲಿದ್ದ 68 ಮಂದಿ ಬಿಸಿಲ ಹೊಡೆತಕ್ಕೆ ಸತ್ತಿದ್ದರು. ಒಟ್ಟು ದುಡಿಯುವ ಜನರಲ್ಲಿ ಇಂಥ ಸಾವಿನ ಪ್ರಮಾಣ ಎಷ್ಟಿದೆಯೋ ಅದರ ಸುಮಾರು 20 ಪಟ್ಟು. ಇದು ದಾಖಲೆಗೆ ಸಿಕ್ಕಿದ್ದು. ಬಿಸಿಲಿಗೆ ಕುಸಿದವನ ಸಾವು ಹೃದಯಾಘಾತ ಎಂದು ಬರೆಸಿಕೊಂಡು ಮುಗಿದುಹೋಗುವುದೂ ಉಂಟು.

2005ರ ಬೇಸಿಗೆಯ ಸಾವುಗಳ ನಂತರ ಕ್ಯಾಲಿಫೋರ್ನಿಯಾ ಒಂದು ನಿಯಮ ತಂದಿತು. ಹೊಲದಲ್ಲಿ ನೆರಳಿರಬೇಕು, ಪ್ರತಿಯೊಬ್ಬರಿಗೂ ಗಂಟೆಗೆ ಒಂದು ಲೀಟರಿನಷ್ಟು ನೀರಿರಬೇಕು, ತಂಪಾಗಲು ಬಿಡುವು ಕೊಡಬೇಕು. ಅಮೆರಿಕದಲ್ಲಿ ಮೊದಲ ಬಾರಿಗೆ ಒಂದು ರಾಜ್ಯ ಹೊರಗೆ ದುಡಿಯುವವರಿಗಾಗಿ ಇಂಥ ನಿಯಮ ಮಾಡಿದ್ದು ಅದೇ. ಫ್ಲೋರಿಡಾ 2024ರಲ್ಲಿ ಇದಕ್ಕೆ ತಿರುಗಾಮುರುಗಾ ಕಾನೂನು ಮಾಡಿತು. ಅಲ್ಲಿನ ನಗರಗಳು, ಜಿಲ್ಲೆಗಳು ತಾವಾಗಿಯೇ ಇಂಥ ನೆರಳು-ನೀರಿನ ನಿಯಮ ಮಾಡುವಂತಿಲ್ಲ ಎಂದು ಕಟ್ಟಿಹಾಕಿತು. ನೀರು ಕುಡಿಯಲು ಬಿಡಿ ಎಂದು ಕಾನೂನು ಮಾಡಬೇಕಾದದ್ದೇ ಒಂದು ಸೋಜಿಗ. ಹಾಗೆ ಮಾಡಬೇಡಿ ಎಂದೂ ಕಾನೂನು ಬಂದರೆ ಏನು ಹೇಳೋಣ.

ಇನ್ನು ನಾನು ಹೇಳಿದ ನದಿ ದಡದ ಊರು. ಹೆಸರು ಪಾಹರೊ. ಸ್ಪ್ಯಾನಿಷ್‌ನಲ್ಲಿ ಹಕ್ಕಿ ಎಂದರ್ಥ. ಸ್ಯಾನ್ ಫ್ರಾನ್ಸಿಸ್ಕೊದಿಂದ ದಕ್ಷಿಣಕ್ಕೆ, ಸಮುದ್ರಕ್ಕೆ ಹತ್ತಿರ, ಸುತ್ತ ಸ್ಟ್ರಾಬೆರಿ ಹೊಲಗಳು. ಊರಲ್ಲಿ ಸುಮಾರು 3,000 ಜನ. ಹೆಚ್ಚಿನವರು ಮೆಕ್ಸಿಕೊ ಮೂಲದ ಕೃಷಿ ಕೂಲಿಕಾರರು. ಪಕ್ಕದಲ್ಲೇ ಅದೇ ಹೆಸರಿನ ನದಿ. ನದಿಯ ಇಕ್ಕೆಲಕ್ಕೂ 1949ರಲ್ಲಿ ಹಾಕಿದ ಮಣ್ಣಿನ ಏರಿ. ಆರೇ ವರ್ಷಕ್ಕೆ, 1955ರಲ್ಲಿ, ನೀರು ಏರಿಯನ್ನು ದಾಟಿತು. ಇದು ಸಾಲದು, ಭದ್ರವಾಗಿ ಕಟ್ಟಬೇಕು ಎಂದು ಅಮೆರಿಕದ ಸಂಸತ್ತು 1966ರಲ್ಲಿ ಒಪ್ಪಿಗೆ ಕೊಟ್ಟಿತು. ಆಮೇಲೆ 1995ರಲ್ಲಿ ಏರಿ ಒಡೆದು ಊರು ಮುಳುಗಿತು. ಹೊಸ ಏರಿ ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದು ಕೇಳಬೇಕಾದ ಕಥೆ. ಇಂಥ ಕಾಮಗಾರಿಗೆ ಕೈ ಹಾಕುವ ಮೊದಲು ಎಂಜಿನಿಯರುಗಳು ಖರ್ಚು ಮತ್ತು ಲಾಭ ಎರಡನ್ನೂ ತಕ್ಕಡಿಗೆ ಹಾಕುತ್ತಾರೆ. ಏರಿಯಿಂದ ಆಗುವ ಲಾಭ ಎಂದರೆ ಏನು? ಅದು ಉಳಿಸಿಕೊಡುವ ಆಸ್ತಿಯ ಬೆಲೆ. ಬಂಗಲೆಗಳಿದ್ದರೆ ಲಾಭ ಹೆಚ್ಚು. ಒಂದು ಕೋಣೆಯಲ್ಲಿ ಎರಡು ಸಂಸಾರ ಬಾಡಿಗೆಗಿರುವ ಮನೆಗಳಾದರೆ ಲಾಭ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ಕಟ್ಟುವ ಖರ್ಚು ಮಾತ್ರ ದುಬಾರಿ. ಹೀಗಾಗಿ ಪಾಹರೊದ ಲೆಕ್ಕ ಪ್ರತಿ ಸಲ ಕೂಡಿದರೂ ತಾಳೆಯಾಗುತ್ತಿರಲಿಲ್ಲ. ಇದರಲ್ಲಿ ಯಾರ ಮೋಸವೂ ಇಲ್ಲ, ಕೂಡಿದ್ದರಲ್ಲಿ ತಪ್ಪೂ ಇಲ್ಲ. ಬಡವರ ಊರು ಮುಳುಗಿದರೆ ನಷ್ಟ ಕಡಿಮೆ ಎಂಬ ಮಾತು ಒಂದು ಕೋಷ್ಟಕದೊಳಗೆ ಅಚ್ಚುಕಟ್ಟಾಗಿ ಕೂತಿತ್ತು, ಅಷ್ಟೆ.

2023ರ ಮಾರ್ಚ್ 10ರ ನಡುರಾತ್ರಿಯ ಹೊತ್ತಿಗೆ, ಒಂದರ ಹಿಂದೊಂದು ಬಂದ ಬಿರುಮಳೆಗಳ ನಂತರ, ಏರಿ ಒಡೆಯಿತು. ಸಾವಿರಾರು ಜನ ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟರು. ವಾರಕ್ಕೂ ಮೀರಿ ಮನೆಗೆ ಮರಳಲಾಗಲಿಲ್ಲ. ಹೊಲಗಳು ಮುಳುಗಿದ್ದರಿಂದ ಆ ಹಂಗಾಮಿನ ಕೂಲಿಯೂ ಹೋಯಿತು. ಅವರಲ್ಲಿ ಕಾಗದಪತ್ರ ಇಲ್ಲದೆ ಬಂದು ದಶಕಗಳಿಂದ ದುಡಿಯುತ್ತಿರುವವರು ಅನೇಕರು. ಅವರಿಗೆ ಕೇಂದ್ರದ ನೆರೆ ಪರಿಹಾರವಿಲ್ಲ, ನಿರುದ್ಯೋಗ ಭತ್ಯೆಯೂ ಇಲ್ಲ. ಅದೇ ವರ್ಷ ಕ್ಯಾಲಿಫೋರ್ನಿಯಾ ರಾಜ್ಯ 2 ಕೋಟಿ ಡಾಲರ್ ಎತ್ತಿಟ್ಟು, ಕಾಗದ ಕೇಳದೆ ನೆರವು ಕೊಡಲು ಮುಂದಾಯಿತು. ಹೊಸ ಏರಿಯ ಕೆಲಸಕ್ಕೆ ಗುದ್ದಲಿ ಬಿದ್ದದ್ದು 2024ರಲ್ಲಿ. ಒಪ್ಪಿಗೆ ಸಿಕ್ಕಿ 58 ವರ್ಷ.

ಈಗ ಬೆಟ್ಟದ ಊರಿಗೆ ಹೋಗೋಣ. ಅದು ಪೋರ್ಟೊ ರಿಕೊ ಎಂಬ ಕೆರಿಬಿಯನ್ ದ್ವೀಪದಲ್ಲಿದೆ. ಸ್ಪೇನ್ ಕೈಯಿಂದ 1898ರಲ್ಲಿ ಅಮೆರಿಕ ಈ ದ್ವೀಪವನ್ನು ತೆಗೆದುಕೊಂಡಿತು. 1917ರಿಂದ ಅಲ್ಲಿಯವರು ಅಮೆರಿಕದ ಪ್ರಜೆಗಳು. ಆದರೆ ದ್ವೀಪದಲ್ಲಿ ವಾಸವಿರುವ ತನಕ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಸಂಸತ್ತಿಗೆ ಒಬ್ಬ ಪ್ರತಿನಿಧಿಯನ್ನು ಕಳಿಸುತ್ತಾರೆ. ಅವರು ಸದನದಲ್ಲಿ ಕೂರಬಹುದು, ಮಾತನಾಡಬಹುದು, ಮಸೂದೆಗೆ ಕೊನೆಯ ಮತ ಮಾತ್ರ ಹಾಕುವಂತಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಇಂಥದಕ್ಕೆ ಇಷ್ಟು ಸಲೀಸಾದ ಮಾತು ಬೇರೆ ಭಾಷೆಗಳಲ್ಲಿ ಇದೆಯೋ ಇಲ್ಲವೋ.

2017ರ ಸೆಪ್ಟೆಂಬರ್ 20ರಂದು ಮರಿಯಾ ಎಂಬ ಚಂಡಮಾರುತ ಗಂಟೆಗೆ 250 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ದ್ವೀಪವನ್ನು ಅಡ್ಡಲಾಗಿ ಸೀಳಿಕೊಂಡು ಹೋಯಿತು. ಕೆಲವು ಕಡೆ ಸುಮಾರು 95 ಸೆಂಟಿಮೀಟರ್ ಮಳೆ ಬಿತ್ತು. ಸಮುದ್ರ ಬಿಸಿಯಾದಷ್ಟೂ ಗಾಳಿ ಹೆಚ್ಚು ತೇವ ಹೊರುತ್ತದೆ, ಹೊತ್ತದ್ದನ್ನು ಒಂದೇ ಕಡೆ ಸುರಿಯುತ್ತದೆ. ದ್ವೀಪದ ಹಳೆಯ ಮಳೆ ದಾಖಲೆಗಳನ್ನು ಮುಂದಿಟ್ಟುಕೊಂಡು ನೋಡಿದ ವಿಜ್ಞಾನಿಗಳು 2019ರಲ್ಲಿ ಹೇಳಿದ್ದು ಇದು: ಮರಿಯಾದಂಥ ಮಳೆಯ ಸಾಧ್ಯತೆ 1950ರ ದಶಕಕ್ಕಿಂತ ಈಗ ಸುಮಾರು ಐದು ಪಟ್ಟು ಹೆಚ್ಚು.

ಧರೆ ಕುಸಿತಗಳೇ 70,000ಕ್ಕೂ ಹೆಚ್ಚು. ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಯುವ ಹೊತ್ತು ಅದು. ಗಿಡಗಳೂ ಹೋದವು, ಮೇಲಿನ ನೆರಳು ಮರಗಳೂ ಹೋದವು. ಕೊಡಗಿನಲ್ಲಿ ಈ ಮಾತು ಕೇಳುತ್ತಿರುವವರಿಗೆ ನಾನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ನೀವೇ ಕಂಡಿದ್ದೀರಿ.

ಇಡೀ ದ್ವೀಪಕ್ಕೆ ಕರೆಂಟ್ ಹೋಯಿತು. ಮೊಬೈಲ್ ಗೋಪುರಗಳಲ್ಲಿ 100ಕ್ಕೆ 95 ಸುಮ್ಮನಾದವು. ಆ ರಾತ್ರಿ ಬ್ಯಾಟರಿ ರೇಡಿಯೋ ಇದ್ದವರಿಗೆ ರಾಜಧಾನಿ ಸ್ಯಾನ್ ಹ್ವಾನ್‌ನ ಒಂದು ಮೀಡಿಯಂ ವೇವ್ ನಿಲಯ ಮಾತ್ರ ಕೇಳಿಸುತ್ತಿತ್ತು. ಯಾವ ಊರು ಹೇಗಿದೆ, ಯಾರ ಅಮ್ಮ ಕ್ಷೇಮ, ಯಾರ ಅಣ್ಣ ಎಲ್ಲಿ ಎಂಬುದನ್ನೆಲ್ಲ ಜನ ಅಲ್ಲಿಗೆ ಬಂದು ಹೇಳುತ್ತಿದ್ದರು, ನಿಲಯ ದ್ವೀಪಕ್ಕೆಲ್ಲ ಹೇಳುತ್ತಿತ್ತು. ರೇಡಿಯೋದವರು ರೇಡಿಯೋವನ್ನು ಹೊಗಳಿದರೆ ಕೇಳುಗರು ನಗಬಹುದು. ಆದರೂ ಹೇಳಿಬಿಟ್ಟೆ.

ಕರೆಂಟ್ ಹೋದದ್ದು ಒಂದು ದಿನಕ್ಕಲ್ಲ, ಒಂದು ತಿಂಗಳಿಗಲ್ಲ. ಕೊನೆಯ ಮನೆಗಳಿಗೆ ಮರಳಿ ಬರಲು ಸುಮಾರು 11 ತಿಂಗಳು ಹಿಡಿಯಿತು. ಗಾಳಿಯೊಂದನ್ನೇ ಬೈದು ಪ್ರಯೋಜನವಿಲ್ಲ. ದ್ವೀಪದ ಕರೆಂಟ್ ಬಹುಪಾಲು ಹುಟ್ಟುವುದು ದಕ್ಷಿಣ ಕರಾವಳಿಯ ಸ್ಥಾವರಗಳಲ್ಲಿ, ಹಡಗಿನಲ್ಲಿ ತರಿಸಿದ ತೈಲ, ಅನಿಲ, ಕಲ್ಲಿದ್ದಲು ಸುಟ್ಟು. ಬಳಸುವ ಜನ ಹೆಚ್ಚಿರುವುದು ಉತ್ತರದಲ್ಲಿ. ನಡುವೆ ಬೆಟ್ಟಸಾಲು. ತಂತಿಗಳು ಆ ಬೆಟ್ಟ ಹತ್ತಿ ಇಳಿಯಬೇಕು, ಗಾಳಿ ಮೊದಲು ಹೊಡೆಯುವುದೂ ಅಲ್ಲೇ. ಸರ್ಕಾರಿ ವಿದ್ಯುತ್ ಸಂಸ್ಥೆಯ ಮೇಲೆ ಸುಮಾರು 900 ಕೋಟಿ ಡಾಲರ್ ಸಾಲವಿತ್ತು. ಮರಿಯಾ ಬರುವ ಎರಡು ತಿಂಗಳ ಹಿಂದೆಯಷ್ಟೇ ಅದು ದಿವಾಳಿ ಅರ್ಜಿ ಹಾಕಿಕೊಂಡಿತ್ತು. ತಂತಿಗೆ ತಾಗುವ ಕೊಂಬೆ ಕಡಿಯಲೂ ಕೈಯಲ್ಲಿ ಕಾಸಿಲ್ಲದ ಸಂಸ್ಥೆ.

ಎಷ್ಟು ಜನ ಸತ್ತರು? ತಿಂಗಳುಗಟ್ಟಲೆ ಸರ್ಕಾರ ಹೇಳುತ್ತಿದ್ದುದು 64. ಗೋಡೆ ಬಿದ್ದು, ನೀರಲ್ಲಿ ಕೊಚ್ಚಿಹೋಗಿ ಸತ್ತವರನ್ನು ಎಣಿಸಿದರು. ಆಮ್ಲಜನಕದ ಯಂತ್ರ ನಿಂತು ಸತ್ತವರು, ಫ್ರಿಜ್ ಇಲ್ಲದೆ ಇನ್ಸುಲಿನ್ ಕೆಟ್ಟು ಸತ್ತವರು, ಡಯಾಲಿಸಿಸ್‌ಗೆ ಹೋಗಲು ರಸ್ತೆಯೇ ಇಲ್ಲದೆ ಸತ್ತವರು ಹೆಚ್ಚಾಗಿ ಆ ಪಟ್ಟಿಯಲ್ಲಿ ಇರಲಿಲ್ಲ. 2018ರ ಜೂನ್ ಮೊದಲ ವಾರ ಸ್ಯಾನ್ ಹ್ವಾನ್‌ನ ಶಾಸನಸಭೆಯ ಕಟ್ಟಡದ ಮುಂದೆ ಜನ ಚಪ್ಪಲಿ, ಬೂಟುಗಳನ್ನು ತಂದಿಡತೊಡಗಿದರು. ಒಬ್ಬೊಬ್ಬರಿಗೆ ಒಂದೊಂದು ಜೊತೆ. ಅಜ್ಜನ ಸವೆದ ಬೂಟು, ಮಗುವಿನ ಪುಟಾಣಿ ಶೂ, ಹಿಮ್ಮಡಿ ಎತ್ತರದ ಹೆಂಗಸರ ಚಪ್ಪಲಿ. ಕೆಲವಕ್ಕೆ ಹೆಸರು ಬರೆದ ಚೀಟಿ. ಸಾಲುಗಳು ಉದ್ದವಾಗುತ್ತ ಹೋದವು. ನೋಡಿದವರಿಗೆ ಗೊತ್ತಾಗುತ್ತಿತ್ತು, ಇದು 64 ಅಲ್ಲ. ಆಗಸ್ಟ್ 28ರಂದು ಸರ್ಕಾರ ಒಪ್ಪಿಕೊಂಡ ಸಂಖ್ಯೆ 2,975.

ಈಗ ಆ ಬೆಟ್ಟದ ಊರು. ಅದ್ಹುಂತಾಸ್. ಜನಸಂಖ್ಯೆ 18,000ದ ಆಸುಪಾಸು. ಊರ ಎದುರಿನ ಬೆಟ್ಟದ ಅಂಚು ಅಂಗಾತ ಮಲಗಿದ ಮನುಷ್ಯನಂತೆ ಕಾಣುವುದರಿಂದ ಇದನ್ನು ಮಲಗಿದ ದೈತ್ಯನ ಊರು ಎಂದೂ ಕರೆಯುತ್ತಾರೆ. ಕಾಫಿ ಬೆಳೆಯುವ ಸೀಮೆ. ಮರಿಯಾ ಬಂದುಹೋದ ಮೇಲೆ ಈ ಕತ್ತಲೆಯ ಊರಲ್ಲಿ ಒಂದು ಗುಲಾಬಿ ಬಣ್ಣದ ಹಳೆಯ ಮನೆಯಲ್ಲಿ ದೀಪ ಉರಿಯುತ್ತಿತ್ತು. ಮನೆಯ ಹೆಸರು ಕಾಸಾ ಪ್ವೆಬ್ಲೊ. ಕನ್ನಡದಲ್ಲಿ ಊರಮನೆ ಎನ್ನಬಹುದು. ಅದರ ಮಾಡಿನ ಮೇಲೆ 1999ರಿಂದಲೇ ಸೋಲಾರ್ ಪ್ಯಾನೆಲ್‌ಗಳಿದ್ದವು. ನಮ್ಮಲ್ಲಿ ಸೋಲಾರ್ ಎಂದರೆ ಮೊದಲು ನೆನಪಾಗುವುದು ಸ್ನಾನದ ಬಿಸಿನೀರು. ಅಲ್ಲಿ ಆ ದಿನಗಳಲ್ಲಿ ಅದು ಉಸಿರಾಟದ ಪ್ರಶ್ನೆಯಾಗಿತ್ತು. ಜನ ನೆಬ್ಯುಲೈಜರ್ ಹಿಡಿದುಕೊಂಡು ಬಂದರು, ಫೋನ್ ಚಾರ್ಜ್ ಮಾಡಲು ಬಂದರು, ಔಷಧಿ ತಂಪಾಗಿಡಲು ಬಂದರು. ಊರಮನೆಯವರು ಮುಂದಿನ ದಿನಗಳಲ್ಲಿ ಸುತ್ತಲ ಬೆಟ್ಟಗಳ ಮನೆಗಳಿಗೆ 14,000 ಸೌರ ಲಾಂದ್ರಗಳನ್ನು ಹಂಚಿದರು. ಯಂತ್ರದ ಮೇಲೆ ಜೀವ ಇಟ್ಟುಕೊಂಡಿದ್ದ ರೋಗಿಗಳ ಮನೆಗಳಿಗೆ ಪ್ಯಾನೆಲ್ ಹಾಕಿಸಿದರು. ಚಿಕ್ಕ ಸೌರ ಫ್ರಿಜ್‌ಗಳನ್ನು ಕೊಟ್ಟರು. ಕ್ಷೌರದಂಗಡಿಗೆ, ಕಬ್ಬಿಣದ ಸಾಮಾನಿನಂಗಡಿಗೆ, ದಿನಸಿ ಅಂಗಡಿಗಳಿಗೆ ಬಿಸಿಲಿನ ಕರೆಂಟ್ ಬಂತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಇದು ಸೋಲಾರ್ ಪ್ಯಾನೆಲ್‌ನ ಕಥೆಯಾಗುತ್ತದೆ. ನನ್ನ ಲೆಕ್ಕದಲ್ಲಿ ಅಲ್ಲ. ಪ್ಯಾನೆಲ್ ದುಡ್ಡಿದ್ದವರಿಗೆ ಎಲ್ಲ ಕಡೆ ಸಿಗುತ್ತದೆ. ಈ ಊರಲ್ಲಿ ಮರಿಯಾಗಿಂತ 37 ವರ್ಷ ಮೊದಲೇ ಶುರುವಾದ ಬೇರೊಂದು ಸಂಗತಿ ಇತ್ತು.

ಆ ಬೆಟ್ಟಗಳಡಿಯಲ್ಲಿ ತಾಮ್ರ ಇದೆ. 1960ರ ದಶಕದಿಂದ ದೊಡ್ಡ ಕಂಪನಿಗಳ ಕಣ್ಣು ಅದರ ಮೇಲಿತ್ತು. ಬೆಟ್ಟವನ್ನೇ ಬಗೆದು ತೆಗೆಯುವ ತೆರೆದ ಗಣಿ. 1980ರಲ್ಲಿ ಅಲೆಕ್ಸಿಸ್ ಮಸ್ಸೊಲ್ ಎಂಬ ಸಿವಿಲ್ ಎಂಜಿನಿಯರ್, ಅವರ ಹೆಂಡತಿ, ಶಿಕ್ಷಕಿ ತಿಂತಿ ದೇಯಾ ಮತ್ತು ಕೆಲವು ಗೆಳೆಯರು ಗಣಿ ಬೇಡ ಎಂದು ಊರ ಚೌಕದಲ್ಲಿ ಸಭೆ ಕರೆದರು. ಎಲ್ಲ ತಯಾರಿ ಮಾಡಿಕೊಂಡು ನಿಂತರು. ಬಂದವನು ಒಬ್ಬ. ಒಬ್ಬನೇ ಒಬ್ಬ. ನಮ್ಮ ಊರುಗಳಲ್ಲಿ ಪರಿಸರದ ಸಭೆ ಕರೆದು ಅಭ್ಯಾಸವಿರುವವರಿಗೆ ಆ ಸಂಜೆ ಹೇಗಿದ್ದಿರಬಹುದು ಎಂದು ಗೊತ್ತಾಗುತ್ತದೆ. ಅವರು ಜನರನ್ನು ಬೈಯಲಿಲ್ಲ. ಮುಂದಿನ ಸಲ ಭಾಷಣ ಕಡಿಮೆ ಮಾಡಿ ಹಾಡು, ಕುಣಿತ, ಊರ ಸಂಗೀತ ಸೇರಿಸಿದರು. ಜನ ಬಂದರು. ಹಾಗೆ 15 ವರ್ಷ. ಕೊನೆಗೆ 1995ರಲ್ಲಿ ತೆರೆದ ಲೋಹದ ಗಣಿಗಳನ್ನು ನಿಷೇಧಿಸುವ ಕಾನೂನು ಬಂತು. ಮರುವರ್ಷ, ಗಣಿಯಾಗಬೇಕಿದ್ದ ಸುಮಾರು 300 ಹೆಕ್ಟೇರ್ ಜಾಗ ಕಾಡೆಂದು ಘೋಷಣೆಯಾಯಿತು. ಅದರ ಹೆಸರು ಊರ ಕಾಡು. ನೋಡಿಕೊಳ್ಳುವ ಹೊಣೆಯೂ ಊರಮನೆಯದೇ. 2002ರಲ್ಲಿ ಮಸ್ಸೊಲ್ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ಚಳವಳಿ ಗೆದ್ದ ಮೇಲೆ ಕರಗಿಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಇದು ಕರಗಲಿಲ್ಲ. ಯಾಕೆಂದರೆ ಇವರು ಕಾಫಿ ಮಾರುತ್ತಿದ್ದರು. ತಮಾಷೆಯಲ್ಲ. ಮಾದ್ರೆ ಇಸ್ಲಾ, ಅಂದರೆ ತಾಯಿದ್ವೀಪ, ಎಂಬ ಹೆಸರಿನಲ್ಲಿ ಊರಮನೆಯದೇ ಕಾಫಿಪುಡಿ ಇದೆ. ಅದನ್ನು ಮಾರಿ ಬಂದ ಹಣದಿಂದ ಸಂಸ್ಥೆ ನಡೆಯಿತು. ಸರ್ಕಾರದ ಅನುದಾನಕ್ಕೆ ಕೈ ಚಾಚಿದರೆ ಸರ್ಕಾರದ ವಿರುದ್ಧ ಮಾತಾಡಲು ಬಾಯಿ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. 2010ರಲ್ಲಿ ಬೆಟ್ಟಗಳ ಮೂಲಕ ಅನಿಲದ ಕೊಳವೆ ಹಾಯಿಸುವ ಯೋಜನೆ ಬಂದಾಗ ಬಾಯಿ ಬಂತು, 2012ರಲ್ಲಿ ಯೋಜನೆ ಬಿದ್ದುಹೋಯಿತು. ಆಮೇಲೆ ಮರಿಯಾ. ಕೆಟ್ಟ ದಿನ ಬಂದಾಗ ಯಾರ ಮನೆಯಲ್ಲಿ ರೋಗಿ ಇದ್ದಾರೆ, ಯಾವ ಕಾಲುದಾರಿಯಲ್ಲಿ ಹೋದರೆ ಆ ಮನೆ ಸಿಗುತ್ತದೆ ಎಂಬ ಪಟ್ಟಿಯನ್ನು ಹೊಸದಾಗಿ ಮಾಡಬೇಕಿರಲಿಲ್ಲ. ಅದು ಅವರ ತಲೆಯಲ್ಲೇ ಇತ್ತು.

2023ರ ಮಾರ್ಚ್‌ನಲ್ಲಿ, ಅತ್ತ ಪಾಹರೊ ಮುಳುಗಿದ ಅದೇ ತಿಂಗಳು, ಇತ್ತ ಅದ್ಹುಂತಾಸ್‌ನ ಚೌಕದ ಸುತ್ತಲಿನ ಏಳು ಕಟ್ಟಡಗಳ ಮೇಲೆ 700ರಷ್ಟು ಪ್ಯಾನೆಲ್‌ಗಳ ಒಂದು ಪುಟ್ಟ ಗ್ರಿಡ್, ಅಂದರೆ ವಿದ್ಯುತ್ ಜಾಲ, ಚಾಲೂ ಆಯಿತು. 14 ಅಂಗಡಿಗಳಿಗೆ ಅದರಿಂದ ಕರೆಂಟ್. ದೊಡ್ಡ ಗ್ರಿಡ್ ಸತ್ತರೆ ಇದು ತನ್ನಷ್ಟಕ್ಕೆ ಕಳಚಿಕೊಂಡು, ಬ್ಯಾಟರಿಯ ಬಲದಲ್ಲಿ ದಿನಗಟ್ಟಲೆ ನಡೆಯಬಲ್ಲದು. ಮಾಲೀಕರು ಯಾರು? ಅಂಗಡಿಯವರು ಮತ್ತು ಊರವರು ಸೇರಿ ಮಾಡಿಕೊಂಡ ಸಂಘ. ಅಂಗಡಿಯವರು ಬಿಲ್ ಕಟ್ಟುವುದು ಆ ಸಂಘಕ್ಕೆ. ಉಳಿದ ಹಣ ಬಡ ಮನೆಗಳ ಮಾಡಿಗೆ ಪ್ಯಾನೆಲ್ ಹಾಕಲು. ಬೇಕರಿಯಲ್ಲಿ ಬ್ರೆಡ್ಡು, ಔಷಧಿ ಅಂಗಡಿಯಲ್ಲಿ ಇನ್ಸುಲಿನ್. ಬಿರುಗಾಳಿಯ ಮರುದಿನ ಒಂದು ಊರಿಗೆ ಬೇಕಾಗುವುದು ಇಂಥವೇ ನಾಲ್ಕು ಬಾಗಿಲು ತೆರೆದಿರುವುದು.

ಇದನ್ನು ಕೇಳಿ ಎಲ್ಲ ಬಗೆಹರಿಯಿತು ಎಂದುಕೊಳ್ಳುವ ಹಾಗಿಲ್ಲ. ದ್ವೀಪದಲ್ಲಿ 30 ಲಕ್ಷಕ್ಕೂ ಹೆಚ್ಚು ಜನ, ಇಲ್ಲಿರುವುದು 14 ಅಂಗಡಿ. ಒಂದು ಲಕ್ಷಕ್ಕೂ ಹೆಚ್ಚು ಮನೆಗಳ ಮಾಡಿನ ಮೇಲೆ ಈಗ ಪ್ಯಾನೆಲ್ ಬಂದಿದೆ ನಿಜ. ಆದರೆ ಹೆಚ್ಚಿನವು ಸಾಲ ಮಾಡಬಲ್ಲವರ, ಕಂಪನಿಗೆ ವರ್ಷಗಟ್ಟಲೆ ಬಾಡಿಗೆ ಕಟ್ಟಬಲ್ಲವರ ಮನೆಗಳು. ಉಳಿದವರಿಗೆ ಹಳೇ ಗ್ರಿಡ್ಡೇ ಗತಿ. 2024ರ ಡಿಸೆಂಬರ್ 31ರ ಬೆಳಗಿನ ಜಾವ, ಹೊಸ ವರ್ಷದ ಹಿಂದಿನ ದಿನ, ಮತ್ತೆ ದ್ವೀಪದ ಬಹುಭಾಗ ಕತ್ತಲಾಯಿತು. 2025ರ ಏಪ್ರಿಲ್‌ನಲ್ಲಿ ಇಡೀ ದ್ವೀಪ. ಎರಡು ಸಲವೂ ಬಿರುಗಾಳಿ ಇರಲಿಲ್ಲ.

ಬಡವರ ಮನೆಗಳಿಗೆ, ರೋಗಿಗಳಿರುವ ಮನೆಗಳಿಗೆ ಸೋಲಾರ್ ಕೊಡಲೆಂದು ಅಮೆರಿಕ ಸರ್ಕಾರ 100 ಕೋಟಿ ಡಾಲರಿನ ನಿಧಿಯೊಂದನ್ನು 2022ರ ಕೊನೆಗೆ ಮಾಡಿತ್ತು. 2025ರ ಮೇ ತಿಂಗಳಲ್ಲಿ, ಅದರಲ್ಲಿ ಆಸ್ಪತ್ರೆ ಮತ್ತು ಬಡ ಬಡಾವಣೆಗಳ ಸೋಲಾರ್‌ಗೆ ಮೀಸಲಿದ್ದ 36.5 ಕೋಟಿ ಡಾಲರ್ ಹಣವನ್ನು ಹಳೇ ಗ್ರಿಡ್ಡಿನ ರಿಪೇರಿಗೆ ತಿರುಗಿಸಲಾಗಿದೆ ಎಂದು ಪ್ರಕಟಿಸಿದರು. ಕಾರಣ ಕೊಟ್ಟರು: ಗ್ರಿಡ್ ಸರಿಮಾಡಿದರೆ ಹೆಚ್ಚು ಜನಕ್ಕೆ ಉಪಯೋಗ. ಲೆಕ್ಕ ನೋಡಿದರೆ ಅದೂ ಸರಿ ಎನಿಸುತ್ತದೆ. ಪಾಹರೊದ ಏರಿಯ ಲೆಕ್ಕವೂ ಸರಿಯಾಗಿಯೇ ಇತ್ತು.

ನಾನು ಅದ್ಹುಂತಾಸ್ ನೋಡಿದವನಲ್ಲ. ಓದಿ, ಕೇಳಿ ತಿಳಿದದ್ದನ್ನು ಹೇಳಿದ್ದೇನೆ. ಊರಮನೆಯವರದೇ ಒಂದು ರೇಡಿಯೋ ನಿಲಯವೂ ಇದೆ, 1020 ಕಿಲೋಹರ್ಟ್ಸ್, ಅದೂ ಮೀಡಿಯಂ ವೇವ್. ಅದೂ ಬಿಸಿಲಿನ ಕರೆಂಟಿನಲ್ಲೇ ನಡೆಯುತ್ತದೆ. ಇಲ್ಲಿಯ ಸೆಟ್ಟಿನಲ್ಲಿ ಎಷ್ಟು ತಿರುಗಿಸಿದರೂ ಅದು ಸಿಗುವುದಿಲ್ಲ. ಅಲ್ಲಿಗೂ ನಮಗೂ ಒಂಬತ್ತೂವರೆ ಗಂಟೆಯ ಅಂತರ. ಈಗ ಇಲ್ಲಿ ರಾತ್ರಿ ಎಂಟು, ಅಲ್ಲಿ ಬೆಳಗ್ಗೆ ಹತ್ತೂವರೆ. ಚೌಕದ ಮಾಡುಗಳ ಮೇಲೆ ಬಿಸಿಲು ಏರುವ ಹೊತ್ತು, ಬ್ಯಾಟರಿಗಳು ತುಂಬಿಕೊಳ್ಳುವ ಹೊತ್ತು.

ನಮಸ್ಕಾರ.